ಕನ್ನಡ ನಾಡಿನಲ್ಲಿ ಚದುರಂಗದಾಟ

ಚದುರಂಗವು ನಮ್ಮ ದೇಶದಲ್ಲಿ ಹುಟ್ಟಿದ ಆಟವೆಂದು ನಾವೆಲ್ಲರೂ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳುಳ್ಳ ಸೇನೆಗೆ ಚತುರಂಗವೆಂದು ಹೆಸರು. ಆ ಶಬ್ದವೇ ತದ್ಭವವಾಗಿ ನಮ್ಮ ಬಾಯಲ್ಲಿ ಚದುರಂಗವೆನಿಸಿದೆ. ಆಟ ಹುಟ್ಟಿದ ನಾಡಿನವರಿಗೆ ಆಟದ ಮೇಲ್ಮೆಯೂ ತಾನಾಗಿಯೇ ಒದಗಬೇಕೆಂದು ಭಾವಿಸುವುದು ಸಹಜ. ಚರಿತ್ರೆಯನ್ನು ನೋಡಿದರೆ ಸಂಗತಿ ಹಾಗೆ ಕಾಣುವುದಿಲ್ಲ. ೧೮೬೮ರಲ್ಲಿ ಕಾಲವಾದ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಈ ಆಟದ ಶಾಸ್ತ್ರವು ಮೈಸೂರಿನ ಅರಮನೆಯಲ್ಲಿ ಬಹು ಎತ್ತರಕ್ಕೆ ಏರಿತ್ತು. ಅದೇ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರು ಕರ್ನಾಟಕದ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಆದುದು ೨೦೧೭ರಲ್ಲಿ. ನಡುವೆ ಸುಮಾರು ಒಂದೂವರೆ ಶತಮಾನ ಕಳೆದುಹೋಯಿತು. ವಿದ್ಯೆ ಇದ್ದ ನಾಡಿಗೆ ಇಷ್ಟು ವಿಳಂಬವೇತಕ್ಕೆ? ನಾವು ಈ ಹೊತ್ತು ವಿಚಾರ ಮಾಡತಕ್ಕ ಪ್ರಶ್ನೆ ಇದೇ.

ಇದು ಹಳೆಯ ಕಾಗದಗಳಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಇಂದು ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್. ಟಿ. ನಗರ ಮೊದಲಾದ ಬಡಾವಣೆಗಳಲ್ಲಿ ಮಕ್ಕಳಿಗೆ ಚದುರಂಗ ಕಲಿಸುವ ತರಗತಿಗಳು ನಡೆಯುತ್ತಿವೆ. ಮಗುವನ್ನು ಅಲ್ಲಿಗೆ ಕಳುಹಿಸಬೇಕೆ, ಕಳುಹಿಸಿದರೆ ಎಷ್ಟು ದೂರ ನಡೆಸಬೇಕು, ಆಟಕ್ಕೋಸ್ಕರ ಓದನ್ನು ಹಿಂದಕ್ಕೆ ತಳ್ಳಬಹುದೆ ಎಂದು ತಂದೆತಾಯಿಗಳು ಚರ್ಚಿಸುತ್ತಾರೆ. ಈ ಚರ್ಚೆಯಲ್ಲಿ ತೊಡಗಿದವರಿಗೆ ಹಿಂದಿನ ಕಥೆ ಸ್ವಲ್ಪ ತಿಳಿದಿದ್ದರೆ ಅನುಕೂಲ.

ಮೊದಲು ಮಣೆಯ ಹೊರಗಿದ್ದ ನಿಜವಾದ ಚತುರಂಗವನ್ನು ಒಮ್ಮೆ ನೆನೆಯೋಣ. ೨೦೧೮ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗರ ಶ್ರೀಪುರುಷನ ಆಳಿಕೆಗೆ, ಸುಮಾರಾಗಿ ಕ್ರಿ. ಶ. ೭೫೦ರ ಕಾಲಕ್ಕೆ ಸೇರಿದ ಆ ಶಾಸನವು ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನನ್ನು ಸ್ಮರಿಸುತ್ತದೆ. ಮಣೆಯ ಮೇಲೆ ಮಡಿದ ಕಾಲಾಳು ಮುಂದಿನ ಆಟಕ್ಕೆ ಮತ್ತೆ ಎದ್ದು ನಿಲ್ಲುತ್ತಾನೆ. ಕಿತ್ತಯ್ಯನು ಕಲ್ಲಾಗಿ ನಿಂತನು. ಯುದ್ಧವು ಊರಿನ ಬಾಗಿಲಲ್ಲಿಯೇ ಇದ್ದ ಆ ಕಾಲದಲ್ಲಿ ರಕ್ತವಿಲ್ಲದೆ ಯುದ್ಧದ ಯುಕ್ತಿಯನ್ನು ಕಲಿಸುವ ಆಟವೊಂದು ಅರಸುಮಕ್ಕಳಿಗೆ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ.

ಕನ್ನಡ ನಾಡಿನ ಅರಸರು ಈ ಆಟವನ್ನು ಶಾಸ್ತ್ರದ ಸಾಲಿಗೆ ಸೇರಿಸಿದುದಕ್ಕೆ ೧೨ನೆಯ ಶತಮಾನದಲ್ಲಿಯೇ ಆಧಾರವಿದೆ. ೧೧೨೬ರಿಂದ ೧೧೩೮ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜ್ಯಭಾರ, ವೈದ್ಯ, ಅಡಿಗೆ, ಸಂಗೀತ, ಬೇಟೆ ಎಲ್ಲವೂ ಅದರಲ್ಲಿವೆ. ಕ್ರೀಡೆಗಳನ್ನು ವಿವರಿಸುವ ಭಾಗದಲ್ಲಿ ಚದುರಂಗಕ್ಕೂ ಸ್ಥಳ ದೊರೆತಿದೆ. ಆಟವನ್ನು ಅರಸನು ಬೇಸರ ಕಳೆಯಲು ಆಡಿ ಬಿಡುವುದು ಬೇರೆ, ಅದರ ಕ್ರಮವನ್ನು ಬರೆದಿಡುವುದು ಬೇರೆ. ಬರೆದಿಟ್ಟದ್ದು ಮುಂದಿನವರಿಗೆ ಉಳಿಯುತ್ತದೆ. ಬಸವಕಲ್ಯಾಣಕ್ಕೆ ಹೋಗುವವರು ಅಲ್ಲಿನ ಕೋಟೆಯನ್ನು ನೋಡುವಾಗ ಇದನ್ನೂ ನೆನೆಯಬಹುದು.

ಮಣೆಯಿಂದ ಕಾವ್ಯಕ್ಕೂ ಒಂದು ದಾರಿ ಇತ್ತು. ಕುದುರೆಯ ನಡೆ ಉಳಿದ ಕಾಯಿಗಳ ನಡೆಯಂತಲ್ಲ; ಅದು ಎರಡು ಮನೆ ನೇರವಾಗಿ ಹೋಗಿ ಒಂದು ಮನೆ ಪಕ್ಕಕ್ಕೆ ಬೀಳುತ್ತದೆ. ಒಮ್ಮೆ ಕಾಲಿಟ್ಟ ಮನೆಗೆ ಮತ್ತೆ ಕಾಲಿಡದೆ ಕುದುರೆಯು ಮಣೆಯನ್ನೆಲ್ಲಾ ಸುತ್ತಿ ಬರುವಂತೆ ಮಾಡುವುದು ಒಂದು ಹಳೆಯ ಕೌತುಕ. ೯ನೆಯ ಶತಮಾನದಲ್ಲಿ ಕಾಶ್ಮೀರದ ರುದ್ರಟನು ತನ್ನ ಅಲಂಕಾರಗ್ರಂಥದಲ್ಲಿ ಈ ಸುತ್ತನ್ನು ಅಕ್ಷರಗಳಲ್ಲಿ ಹೆಣೆದು ತೋರಿಸಿದನು. ೧೪ನೆಯ ಶತಮಾನದಲ್ಲಿ ವೇದಾಂತದೇಶಿಕರು ‘ಪಾದುಕಾಸಹಸ್ರ’ದಲ್ಲಿ ಎರಡು ಶ್ಲೋಕಗಳನ್ನು ಹೀಗೆ ಜೋಡಿಸಿದರು: ಮೊದಲನೆಯ ಶ್ಲೋಕದ ೩೨ ಅಕ್ಷರಗಳನ್ನು ಎಂಟೆಂಟರಂತೆ ನಾಲ್ಕು ಸಾಲಿನಲ್ಲಿ ಬರೆದು, ಕುದುರೆಯ ನಡೆಯಲ್ಲಿ ಓದುತ್ತ ಹೋದರೆ ಎರಡನೆಯ ಶ್ಲೋಕವು ಹೊರಡುತ್ತದೆ. ಶ್ರೀರಂಗದ ಮೇಲೆ ದಂಡು ಬಂದಾಗ ಅವರು ಕೊಳ್ಳೇಗಾಲದ ಹತ್ತಿರದ ಸತ್ಯಾಗಾಲದಲ್ಲಿ ಕೆಲವು ಕಾಲ ನೆಲಸಿದ್ದರೆಂದು ಸಂಪ್ರದಾಯವು ಹೇಳುವುದರಿಂದ ಕನ್ನಡ ನಾಡಿಗೂ ಅವರಲ್ಲಿ ಪಾಲುಂಟು. ಯೂರೋಪಿನಲ್ಲಿ ಗಣಿತಜ್ಞ ಆಯ್ಲರನು ಕುದುರೆಯ ಸುತ್ತನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದುದು ೧೭೫೯ರಲ್ಲಿ.

ಇನ್ನು ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರವರು ೧೭೯೯ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟಕ್ಕೆ ಬಂದರು. ನಗರದ ದಂಗೆಯ ತರುವಾಯ ೧೮೩೧ರಲ್ಲಿ ಇಂಗ್ಲಿಷರು ಅವರಿಂದ ರಾಜ್ಯಭಾರವನ್ನು ಕಿತ್ತುಕೊಂಡು ಕಮಿಷನರುಗಳ ಕೈಗೆ ಒಪ್ಪಿಸಿದರು. ಆಡಳಿತವು ಬೆಂಗಳೂರಿಗೆ ಹೋಯಿತು. ಅರಸರು ಮೈಸೂರಿನಲ್ಲಿ ಉಳಿದರು. ಅಲ್ಲಿಂದ ಮುಂದೆ ೩೭ ವರ್ಷ ಅವರಿಗೆ ಸಿಂಹಾಸನವಿತ್ತು, ರಾಜ್ಯವಿರಲಿಲ್ಲ. ಆ ಅವಧಿಯಲ್ಲಿ ಅವರು ಪಂಡಿತರನ್ನೂ ಚಿತ್ರಗಾರರನ್ನೂ ಕೂಡಿಸಿಕೊಂಡು ‘ಶ್ರೀತತ್ತ್ವನಿಧಿ’ಯೆಂಬ ಮಹಾಸಂಕಲನವನ್ನು ಸಿದ್ಧಪಡಿಸಿದರು, ಅದರ ಕೌತುಕನಿಧಿಯು ಮಣೆಯಾಟಗಳಿಗೆ ಮೀಸಲಾದದ್ದು. ೧೮೬೧ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯಲ್ಲಿ ಇಂಥ ಆಟಗಳ ಹಾಸುಗಳನ್ನು ಗೋಡೆಯ ಮೇಲೆಯೇ ಬರೆಸಿದರು. ರೂಢಿಯಲ್ಲಿದ್ದ ಆಟಗಳು ಸಾಲದೆಂದು ಹೊಸ ಆಟಗಳನ್ನೂ ಕಲ್ಪಿಸಿದರು.

ಕುದುರೆಯ ಸುತ್ತಿನಲ್ಲಿ ಅವರಿಗಿದ್ದ ಆಸಕ್ತಿಯು ಹೊರದೇಶದ ಚದುರಂಗದ ಚರಿತ್ರಕಾರರ ಗಮನವನ್ನೂ ಸೆಳೆದಿದೆ. ಆ ಕಷ್ಟವೆಂಥದೆಂಬುದನ್ನು ಸ್ವಲ್ಪ ವಿವರಿಸುತ್ತೇವೆ. ಕುದುರೆಯು ಕಾಲಿಟ್ಟ ಮನೆಗಳಿಗೆ ಕ್ರಮವಾಗಿ ೧, ೨, ೩ ಎಂದು ೬೪ರವರೆಗೆ ಅಂಕಿಗಳನ್ನು ಬರೆಯೋಣ. ಈ ಅಂಕಿಗಳ ಒಟ್ಟು ಮೊತ್ತ ೨೦೮೦. ಎಂಟು ಸಾಲುಗಳಿಗೆ ಸಮನಾಗಿ ಹಂಚಿದರೆ ಸಾಲಿಗೆ ೨೬೦ ಬರುತ್ತದೆ. ಅಡ್ಡಸಾಲು ಯಾವುದನ್ನು ಕೂಡಿದರೂ, ಉದ್ದಸಾಲು ಯಾವುದನ್ನು ಕೂಡಿದರೂ ೨೬೦ ಬರುವಂತೆ ಕುದುರೆಯನ್ನು ನಡೆಸಬೇಕು. ಯೂರೋಪಿನಲ್ಲಿ ಇಂಥ ಸುತ್ತೊಂದು ಮೊದಲು ಅಚ್ಚಾದುದು ೧೮೪೮ರಲ್ಲಿ, ಬೆವರ್ಲಿ ಎಂಬಾತನಿಂದ. ಇಂಥ ಸುತ್ತುಗಳನ್ನು ಕಟ್ಟಿದ ಮೊದಮೊದಲಿನವರ ಸಾಲಿನಲ್ಲಿ ಮೈಸೂರಿನ ಅರಸರ ಹೆಸರೂ ಬರುತ್ತದೆ. ಈ ಜಾತಿಯ ಸುತ್ತುಗಳು ಒಟ್ಟು ಎಷ್ಟೆಂಬುದನ್ನು ೨೦೦೩ರಲ್ಲಿ ಕಂಪ್ಯೂಟರುಗಳು ಎರಡು ತಿಂಗಳು ದುಡಿದು ಲೆಕ್ಕ ಹಾಕಿದುವು: ಮೂಲರೂಪದಲ್ಲಿ ೧೪೦ ಮಾತ್ರ. ಎರಡು ಮೂಲೆಗೆರೆಗಳಲ್ಲಿಯೂ ೨೬೦ ಬರುವ ಸುತ್ತು ಒಂದೂ ಇಲ್ಲವೆಂಬುದೂ ಆಗಲೇ ಗೊತ್ತಾಯಿತು. ಯಂತ್ರದ ನೆರವಿಲ್ಲದೆ ಕಾಗದ ಲೇಖನಿಗಳಿಂದ ಅರಸರು ಎಲ್ಲಿಯವರೆಗೆ ಹೋಗಿದ್ದರೆಂಬುದಕ್ಕೆ ಇದೊಂದು ಅಳತೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ರಾಜ್ಯ ಹೋಗಿರುವಾಗ ಅರಸರು ಮಣೆಯ ಮುಂದೆ ಕುಳಿತಿದ್ದುದು ಶ್ಲಾಘ್ಯವೆ? ೧೮೫೬ರಲ್ಲಿ ಇಂಗ್ಲಿಷರು ಅಯೋಧ್ಯಾ ಪ್ರಾಂತದ ನವಾಬರ ರಾಜ್ಯವನ್ನು ನುಂಗಿದ ಸಂದರ್ಭವನ್ನು ಹಿನ್ನೆಲೆಯಾಗಿಟ್ಟುಕೊಂಡು ಪ್ರೇಮಚಂದರು ೧೯೨೪ರಲ್ಲಿ ಬರೆದ ಕಥೆ ಪ್ರಸಿದ್ಧವಾಗಿದೆ. ಅದರಲ್ಲಿ ಲಖ್ನೋವಿನ ಇಬ್ಬರು ಶ್ರೀಮಂತರು ನಾಡು ಮುಳುಗುತ್ತಿದ್ದರೂ ಚದುರಂಗದಿಂದ ತಲೆ ಎತ್ತುವುದಿಲ್ಲ. ಚದುರಂಗವು ಸೋಮಾರಿಗಳ ವ್ಯಸನವೆಂಬ ಮಾತು ನಮ್ಮ ಮನೆಗಳಲ್ಲಿಯೂ ಕೇಳಿಬರತಕ್ಕದ್ದೇ. ಮೈಸೂರಿನ ಸಂಗತಿ ಬೇರೆ. ಆಟದಿಂದ ಅರಸರು ರಾಜ್ಯವನ್ನು ಕಳೆದುಕೊಳ್ಳಲಿಲ್ಲ. ರಾಜ್ಯ ಹೋದ ಮೇಲೆ ಉಳಿದ ಬುದ್ಧಿಶಕ್ತಿಗೆ ಒಂದು ಕ್ಷೇತ್ರವನ್ನು ಹುಡುಕಿಕೊಂಡರು. ಅದೇ ಕಾಲದಲ್ಲಿ ರಾಜ್ಯವನ್ನು ಹಿಂದಕ್ಕೆ ಕೊಡಬೇಕೆಂದು ಕಲ್ಕತ್ತೆಗೂ ಲಂಡನ್ನಿಗೂ ಅರ್ಜಿಗಳ ಮೇಲೆ ಅರ್ಜಿಗಳನ್ನು ಕಳುಹಿಸುತ್ತಿದ್ದರು. ೧೮೬೫ರಲ್ಲಿ ದತ್ತು ತೆಗೆದುಕೊಂಡರು. ಇಂಗ್ಲಿಷರು ಅದನ್ನು ಒಪ್ಪಿದರು. ೧೮೮೧ರಲ್ಲಿ ರಾಜ್ಯವು ಆ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ಆಡಿದವರು ಬದುಕಿರಲಿಲ್ಲವಾದರೂ ಆ ದೀರ್ಘವಾದ ಆಟವನ್ನು ಅವರು ಸೋಲಲಿಲ್ಲ.

ಇಷ್ಟೆಲ್ಲಾ ವಿದ್ಯೆ ಇದ್ದೂ ಮೈಸೂರಿನಿಂದ ಆ ಕಾಲದಲ್ಲಿ ಪಂದ್ಯದ ಆಟಗಾರರು ಏಕೆ ಹೊರಡಲಿಲ್ಲ? ನಮಗೆ ತೋರುವ ಉತ್ತರ ಸರಳವಾದದ್ದು. ಅರಮನೆಯಲ್ಲಿ ಎಲ್ಲವೂ ಇತ್ತು. ಎದುರಾಳಿ ಮಾತ್ರ ಇರಲಿಲ್ಲ. ಒಡೆಯನ ಅನ್ನ ಉಣ್ಣುವವನು ಒಡೆಯನ ರಾಜನಿಗೆ ಮಾತ್ ಹೇಳುವಾಗ ಅವನ ಕೈ ಸ್ವಲ್ಪವಾದರೂ ನಡುಗದೆ ಇರದು. ಕುದುರೆಯ ಸುತ್ತಿಗೆ ಎದುರಾಳಿ ಬೇಡ; ಒಬ್ಬರೇ ಕುಳಿತು ಬಿಡಿಸಬಹುದು. ಪಂದ್ಯಕ್ಕೆ ಬೇಕಾದವನು ನಮ್ಮ ದಾಕ್ಷಿಣ್ಯವಿಲ್ಲದ ಅಪರಿಚಿತ. ಅವನು ಸಿಕ್ಕಬೇಕಾದರೆ ಮೂರು ಸೌಕರ್ಯಗಳು ಬೇಕು: ಇಬ್ಬರೂ ಒಪ್ಪುವ ನಿಯಮ, ಆಡಿದ ನಡೆಗಳನ್ನು ಬರೆದಿಡುವ ಅಭ್ಯಾಸ, ಯಾರು ಬೇಕಾದರೂ ಬಂದು ಕೂರಬಹುದಾದ ಸ್ಥಳ.

ಬರೆದಿಡುವ ಅಭ್ಯಾಸದ ಫಲವನ್ನು ನೆರೆಯ ಪ್ರಾಂತಗಳಲ್ಲಿ ಕಾಣಬಹುದು. ೧೮೧೪ರಲ್ಲಿ ತ್ರಿವೇಂಗಡಾಚಾರ್ಯ ಶಾಸ್ತ್ರಿಗಳ ಚದುರಂಗದ ಸಮಸ್ಯೆಗಳ ಗ್ರಂಥವು ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ೧೮೨೮–೨೯ರಲ್ಲಿ ಮದರಾಸಿಗೂ ಹೈದರಾಬಾದಿಗೂ ಕಾಗದದ ಮೂಲಕ ಪಂದ್ಯ ನಡೆಯಿತು. ಮದರಾಸಿನ ಗುಲಾಂ ಕಾಸಿಂ ಎಂಬುವರು ಕಾಕ್ರೇನ್ ಎಂಬ ಇಂಗ್ಲಿಷ್ ಮಹನೀಯನೊಡನೆ ಕೂಡಿ ಒಂದು ವಿಧದ ಪ್ರಾರಂಭದ ನಡೆಗಳನ್ನು ವಿಮರ್ಶಿಸಿ ೧೮೨೯ರಲ್ಲಿ ಪುಸ್ತಕ ಪ್ರಕಟಿಸಿದರು. ಸ್ವಲ್ಪ ಕಾಲದ ಮೇಲೆ ಕಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ಇನ್ನೊಬ್ಬ ವಕೀಲನು ಮಹೇಶಚಂದ್ರ ಬ್ಯಾನರ್ಜಿಯವರೊಡನೆ ನೂರಾರು ಆಟಗಳನ್ನಾಡಿ ಬರೆದಿಟ್ಟನು. ಬ್ಯಾನರ್ಜಿಯವರು ಕಾಲಾಳುಗಳನ್ನು ಒಂದೊಂದೇ ಮನೆ ಮುಂದೂಡಿ, ಅವುಗಳ ಹಿಂದಿನಿಂದ ಒಂಟೆಗಳನ್ನು ಮೂಲೆಗೆರೆಯಲ್ಲಿ ಬಿಡುತ್ತಿದ್ದರು. ಇಂದು ಲೋಕದ ಆಟಗಾರರೆಲ್ಲರೂ ‘ಇಂಡಿಯನ್’ ರಕ್ಷಣೆಗಳೆಂದು ಕರೆಯುವ ಕ್ರಮಗಳಿಗೆ ಆ ಹೆಸರು ಬಂದುದು ಇಂಥ ಆಟಗಳಿಂದ. ಕಾಕ್ರೇನನು ಬರೆದಿಡದಿದ್ದರೆ ಬ್ಯಾನರ್ಜಿಯವರ ಜಾಣ್ಮೆ ಅವರೊಡನೆಯೇ ಹೋಗುತ್ತಿತ್ತು. ನಮ್ಮ ಊರುಗಳ ಜಗುಲಿಗಳಲ್ಲಿ ಹಾಗೆ ಹೋದ ಜಾಣ್ಮೆ ಎಷ್ಟೋ!

ನಿಯಮದ ವಿಷಯವು ಇದಕ್ಕಿಂತ ಜಟಿಲವಾದದ್ದು. ಅದರ ಬಗ್ಗೆ ವಾದವೂ ಬಹಳ ನಡೆದಿದೆ. ನಮ್ಮ ದೇಶದ ಹಳೆಯ ಕ್ರಮದಲ್ಲಿ ಕಾಲಾಳು ಮೊದಲನೆಯ ನಡೆಯಲ್ಲಿಯೂ ಒಂದೇ ಮನೆ ಹೋಗತಕ್ಕದ್ದು. ರಾಜನು ಆನೆಯೊಡನೆ ಸ್ಥಳ ಬದಲಾಯಿಸಿ ಕೋಟೆ ಕಟ್ಟಿಕೊಳ್ಳುವಂತಿಲ್ಲ. ಅದಕ್ಕೆ ಪ್ರತಿಯಾಗಿ ಶಹ ಬೀಳುವ ಮೊದಲು ಒಂದು ಸಲ ಕುದುರೆಯಂತೆ ನೆಗೆಯಬಹುದು. ಎದುರಿನ ಅಂಚನ್ನು ಮುಟ್ಟಿದ ಕಾಲಾಳು ಯಾವ ಕಾಯಿಯ ಸಾಲಿನಲ್ಲಿ ಮುಟ್ಟಿತೋ ಆ ಕಾಯಿಯೇ ಆಗಬೇಕು. ಕಾಲಾಳಿನಿಂದ ಮಾತ್ ಮಾಡುವುದು ಹೆಚ್ಚಿನ ಗೌರವ. ಈ ನಿಯಮಗಳೂ ಎಲ್ಲ ಕಡೆ ಒಂದೇ ಸಮನಾಗಿರಲಿಲ್ಲ, ಊರಿಂದೂರಿಗೆ ವ್ಯತ್ಯಾಸವಿತ್ತು. ಮನೆಯ ಹಿರಿಯರು ಹೇಳಿದ್ದೇ ಕಾನೂನು.

೧೯೨೪ರಲ್ಲಿ ಪ್ಯಾರಿಸ್ಸಿನಲ್ಲಿ ಫಿಡೆ ಎಂಬ ವಿಶ್ವಸಂಸ್ಥೆ ಹುಟ್ಟಿತು. ಅದರ ನಿಯಮವನ್ನು ಒಪ್ಪಬೇಕೋ, ಆಟ ಹುಟ್ಟಿದ ನಾಡಿನ ನಿಯಮವನ್ನು ಉಳಿಸಿಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ನಮ್ಮ ಆಟಗಾರರು ಎದುರಿಸಬೇಕಾಯಿತು. ಎರಡು ಪಕ್ಷಗಳಲ್ಲಿಯೂ ನ್ಯಾಯವಿತ್ತು. ನಮ್ಮ ಕ್ರಮದಲ್ಲಿ ಸೇನೆಗಳು ನಿಧಾನವಾಗಿ ಸಮೀಪಿಸುತ್ತವೆ. ವ್ಯೂಹ ಕಟ್ಟಲು ಕಾಲಾವಕಾಶ ಸಿಕ್ಕುತ್ತದೆ. ಅದರ ಸೊಗಸು ಬೇರೆ. ಅದನ್ನು ಬಿಟ್ಟುಕೊಡುವುದು ಮನೆಮಾತನ್ನು ಬಿಟ್ಟಂತೆಯೇ ಎಂದು ಹಲವರಿಗೆ ತೋರಿತು. ಇನ್ನೊಂದು ಕಡೆ, ನೆರೆಯ ಊರಿನವನೊಡನೆ ಆಡುವಾಗಲೂ ಮೊದಲು ನಿಯಮದ ಜಗಳ ತೀರಿಸಿಕೊಳ್ಳಬೇಕಾದರೆ ಪಂದ್ಯ ನಡೆಯುವುದು ಎಂದಿಗೆ? ಈ ವಾದಕ್ಕೆ ಉತ್ತರ ಕೊಟ್ಟವರು ಪಂಜಾಬಿನ ಮೀರ್ ಸುಲ್ತಾನ್ ಖಾನರು. ದೇಶೀಯ ಕ್ರಮದಲ್ಲಿ ಆಟ ಕಲಿತ ಅವರು ಹೊಸ ನಿಯಮಗಳನ್ನು ಅಭ್ಯಾಸ ಮಾಡಿ, ೧೯೨೯, ೧೯೩೨, ೧೯೩೩ರಲ್ಲಿ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದರು. ವಿಶ್ವವಿಜೇತರಾಗಿದ್ದ ಕಾಪಾಬ್ಲಾಂಕರನ್ನೂ ಒಮ್ಮೆ ಸೋಲಿಸಿದರು. ಅವರಿಗೆ ಬುದ್ಧಿ ಕೊಟ್ಟುದು ನಮ್ಮ ಮಣೆ. ಎದುರಾಳಿಯನ್ನು ಕೊಟ್ಟುದು ಲೋಕದ ನಿಯಮ. ೧೯೬೬ರಲ್ಲಿ ತೀರಿಕೊಂಡ ಅವರಿಗೆ ಫಿಡೆಯು ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟದ್ದು ೨೦೨೪ರಲ್ಲಿ.

ಅಖಿಲ ಭಾರತ ಚದುರಂಗ ಸಂಸ್ಥೆಯು ೧೯೫೧ರಲ್ಲಿ ಸ್ಥಾಪಿತವಾಯಿತು. ಮೊದಲನೆಯ ರಾಷ್ಟ್ರೀಯ ಪಂದ್ಯಾವಳಿಯು ೧೯೫೫ರಲ್ಲಿ ಆಂಧ್ರದ ಏಲೂರಿನಲ್ಲಿ ನಡೆದು, ರಾಮಚಂದ್ರ ಸಪ್ರೆ, ಡಿ. ವೆಂಕಯ್ಯ ಇವರಿಬ್ಬರೂ ಸಮವಾಗಿ ಗೆದ್ದರು. ೧೯೬೧ರಲ್ಲಿ ಮ್ಯಾನ್ಯುಯೆಲ್ ಏರನ್ ಅವರು ಭಾರತದ ಮೊದಲನೆಯ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. ಇನ್ನು ಮೂರನೆಯ ಸೌಕರ್ಯ, ಕೂರುವ ಸ್ಥಳ. ಕನ್ನಡದ ಗಡಿಗೆ ಸಮೀಪವಾದ ಸಾಂಗ್ಲಿಯಲ್ಲಿ ಭಾವೂಸಾಹೇಬ್ ಪಡಸಲಗೀಕರರು ೧೯೪೧ರಲ್ಲಿಯೇ ನೂತನ ಬುದ್ಧಿಬಲ ಮಂಡಲವನ್ನು ಸ್ಥಾಪಿಸಿದ್ದರು. ಮದರಾಸಿನಲ್ಲಿ ೧೯೭೨ರಲ್ಲಿ ಸೋವಿಯತ್ ಸಂಸ್ಕೃತಿ ಕೇಂದ್ರದ ಆಶ್ರಯದಲ್ಲಿ ತಾಲ್ ಚೆಸ್ ಕ್ಲಬ್ ತೆರೆಯಿತು. ಆ ಕ್ಲಬ್ಬಿನಲ್ಲಿ ಬೆಳೆದ ವಿಶ್ವನಾಥನ್ ಆನಂದರು ೧೯೮೮ರಲ್ಲಿ ದೇಶದ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಆದರು. ಹುಡುಗನೊಬ್ಬನು ಸಂಜೆ ಹೋಗಿ ತನಗಿಂತ ಬಲವಾದವರ ಕೈಯಲ್ಲಿ ಸೋತು ಬರಬಹುದಾದ ಒಂದು ಕೋಣೆ ಎಷ್ಟು ದೊಡ್ಡ ಫಲ ಕೊಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಆ ಕೋಣೆಯ ಬಾಗಿಲು ಯಾರಿಗೆ ತೆರೆದಿರಬೇಕೆಂಬ ವಾದವೂ ಬಂದಿತು. ೧೯೭೬ರಲ್ಲಿ ಮುಂಬಯಿಯ ರೋಹಿಣಿ ಖಾಡಿಲ್ಕರ್ ಎಂಬ ಬಾಲಕಿಯು ಪುರುಷರ ರಾಷ್ಟ್ರೀಯ ಪಂದ್ಯದಲ್ಲಿ ಆಡಲು ಬಂದಾಗ ಆಕ್ಷೇಪಣೆಯೆದ್ದು ವಿಷಯವು ಹೈಕೋರ್ಟಿನವರೆಗೆ ಹೋಯಿತು. ಸ್ತ್ರೀಯರನ್ನು ರಾಷ್ಟ್ರೀಯ, ಅಂತರರಾಷ್ಟ್ರೀಯ ಪಂದ್ಯಗಳಿಂದ ತಡೆಯಕೂಡದೆಂದು ಫಿಡೆಯ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವೆ ಅವರು ತೀರ್ಮಾನ ಹೇಳಿದರು. ಅರಮನೆಯಿಂದ ಹೊರಟ ಆಟವು ಊರಿಗೆ ನಿಜವಾಗಿ ಸೇರಿತೆಂದು ಹೇಳಬೇಕಾದರೆ ಊರಿನ ಅರ್ಧದಷ್ಟು ಜನರನ್ನು ಹೊರಗಿಟ್ಟು ಹೇಳಲಾಗದು.

ಇಷ್ಟು ದಾರಿ ಸವೆದ ಮೇಲೆ ನಮ್ಮ ನಾಡಿನ ಸರದಿ ಬಂದಿತು. ಗ್ರ್ಯಾಂಡ್‌ಮಾಸ್ಟರ್ ಪದವಿಗೆ ನಿಗದಿಯಾದ ಮಟ್ಟದ ಪಂದ್ಯಾವಳಿಗಳಲ್ಲಿ ಸಾಮಾನ್ಯವಾಗಿ ಮೂರು ಸಲ ಅರ್ಹತೆ ತೋರಿಸಬೇಕು. ಜೊತೆಗೆ ೨೫೦೦ ಅಂಕಗಳ ಶ್ರೇಣಿಯನ್ನು ಮುಟ್ಟಬೇಕು. ರೈಲ್ವೆ ಇಲಾಖೆಯಲ್ಲಿ ಕೆಲಸ ಮಾಡುತ್ತ ತೇಜ್‌ಕುಮಾರ್ ಅವರು ೨೦೧೭ರಲ್ಲಿ ಅದನ್ನು ಸಾಧಿಸಿದರು. ಅವರ ಹಿಂದೆ ಶಿವಮೊಗ್ಗದ ಜಿ. ಎ. ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್ ಬಂದರು. ೨೦೨೨ರಲ್ಲಿ ಬೆಂಗಳೂರಿನ ಹದಿನೈದು ವರ್ಷದ ಪ್ರಣವ್ ಆನಂದ್ ರೊಮೇನಿಯಾದಲ್ಲಿ ಹದಿನಾರು ವರ್ಷದೊಳಗಿನವರ ವಿಶ್ವಪದವಿಯನ್ನು ಗೆದ್ದು, ಭಾರತದ ೭೬ನೆಯ ಗ್ರ್ಯಾಂಡ್‌ಮಾಸ್ಟರ್ ಆದನು. ೨೦೨೪ರಲ್ಲಿ ಚೆನ್ನೈಯ ಗುಕೇಶರು ವಿಶ್ವವಿಜೇತರಾದ ಮೇಲಂತೂ ಮಕ್ಕಳ ಉತ್ಸಾಹಕ್ಕೆ ಮೇರೆಯಿಲ್ಲ.

ಈಗ ಮೊದಲು ಹೇಳಿದ ತಂದೆತಾಯಿಗಳ ಚರ್ಚೆಗೆ ಹಿಂದಿರುಗಬಹುದು. ಪಂದ್ಯಗಳಿಗೆ ಊರೂರು ತಿರುಗಬೇಕು; ಕಲಿಸುವವರಿಗೆ ಹಣ ಕೊಡಬೇಕು; ಪರೀಕ್ಷೆಯ ದಿನವೇ ಪಂದ್ಯವೂ ಬರುತ್ತದೆ. ಸಾವಿರ ಮಕ್ಕಳು ಕಲಿತರೆ ಪದವಿಯನ್ನು ಮುಟ್ಟುವವರು ಒಬ್ಬಿಬ್ಬರೂ ಇರಲಾರರು. ಆದ್ದರಿಂದ ಪದವಿಯೊಂದನ್ನೇ ಗುರಿಯಾಗಿಟ್ಟು ಮಗುವನ್ನು ಕೂರಿಸಿದರೆ ಉಳಿದವರ ಪಾಲಿಗೆ ಬರುವುದು ನಿರಾಶೆ. ಆಟ ವ್ಯರ್ಥವೆಂದು ಮಣೆಯನ್ನು ಅಟ್ಟದ ಮೇಲೆ ಹಾಕುವುದೂ ವಿವೇಕವಲ್ಲ. ಮೈಸೂರಿನ ಅರಸರಿಗೆ ಯಾರೂ ಪದವಿ ಕೊಡಲಿಲ್ಲ; ಅವರ ಶ್ರಮ ವ್ಯರ್ಥವಾಯಿತೆಂದು ನಾವು ಹೇಳಲಾರೆವು.

ಅರಮನೆಯಲ್ಲಿ ಇದ್ದ ಕೊರತೆಯು ಬೇರೊಂದು ವೇಷದಲ್ಲಿ ಈಗಲೂ ಬರಬಹುದೆಂಬುದನ್ನು ಮಾತ್ರ ಜ್ಞಾಪಕದಲ್ಲಿಡಬೇಕು. ಹಣ ತೆತ್ತು ಕಲಿಯುವವರಿಗೆ ಮಾತ್ರ ಬಾಗಿಲು ತೆರೆದರೆ ಆಟವು ಮತ್ತೆ ಒಂದು ಬಗೆಯ ಅರಮನೆಯನ್ನೇ ಸೇರುತ್ತದೆ. ಕೋಣೆಯಲ್ಲಿ ಒಬ್ಬನೇ ಕುಳಿತು ಯಂತ್ರದೊಡನೆ ಆಡುವ ಹುಡುಗನಿಗೆ ನಡೆಗಳು ತಿಳಿಯುತ್ತವೆ. ಮೇಜಿನಾಚೆ ಕುಳಿತವನ ಮುಖದ ಮುಂದೆ ಸೋಲನ್ನು ಒಪ್ಪಿ ಕೈ ಚಾಚುವುದು ತಿಳಿಯುವುದಿಲ್ಲ. ಬಡಾವಣೆಯ ವಾಚನಾಲಯದಲ್ಲಿಯೋ ಪಾಠಶಾಲೆಯ ಪಡಸಾಲೆಯಲ್ಲಿಯೋ ವಾರಕ್ಕೊಂದು ಸಂಜೆ ನಾಲ್ಕು ಮಣೆಗಳನ್ನು ಹಾಸಿ, ಬಂದವರಿಗೆಲ್ಲಾ ಸ್ಥಳ ಕೊಟ್ಟು, ಆಡಿದ ನಡೆಗಳನ್ನು ಒಂದು ಪುಸ್ತಕದಲ್ಲಿ ಬರೆಸಿದರೆ ಸಾಕು. ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಅದೇ ಪುಸ್ತಕದ ಕೊನೆಯ ಹಾಳೆಗಳಲ್ಲಿ ಅಜ್ಜಂದಿರಿಗೆ ನೆನಪಿರುವ ಊರಿನ ಹಳೆಯ ನಿಯಮಗಳನ್ನೂ ಬರೆದಿಡಬಹುದು. ಪಂದ್ಯಕ್ಕೆ ಅವು ಬೇಕಿಲ್ಲ. ಆದರೆ ಕಲ್ಯಾಣದ ಸೋಮೇಶ್ವರನೂ ಮೈಸೂರಿನ ಕೃಷ್ಣರಾಜರೂ ತಮಗೆ ತಿಳಿದುದನ್ನು ಬರೆದಿಟ್ಟ ನಾಡಿನಲ್ಲಿ ಇಷ್ಟನ್ನು ನಾವು ಮಾಡದೆ ಬಿಡುವುದು ಉಚಿತವಾಗಲಾರದು.